ಸಹಪಾಠಿಗಳ ಗುಂಪಿನಲ್ಲಿ ಕಾಣುವ ಗಡಿನಾಡು

ಕಳೆದ ಜನವರಿಯಲ್ಲಿ ಮಲಯಾಳ ಭಾಷಾ ಮಸೂದೆಯ ಸುದ್ದಿ ಬಿಸಿಯಾದಾಗ ನಮ್ಮ ಹಳೆ ತರಗತಿಯ ವಾಟ್ಸಾಪ್ ಗುಂಪೂ ಬಿಸಿಯಾಯಿತು. ಮಾಮೂಲಿಗೆ ಅಲ್ಲಿ ಬರುವುದು ಅಡಕೆ ಧಾರಣೆ, ಯಕ್ಷಗಾನದ ತುಣುಕು, ಮಕ್ಕಳ ಮದುವೆ ಕಾಗದ, ಗಲ್ಫ್‌ನಲ್ಲಿರುವವನು ಕಳಿಸುವ ಮಳೆಯ ವಿಡಿಯೊ. ಅಲ್ಲಿ ಅಪರೂಪಕ್ಕೆ ಮಳೆ ಬಿದ್ದರೆ ಅವನಿಗೆ ಊರು ನೆನಪಾಗುತ್ತದೆ. ಆ ವಾರ ಅದೆಲ್ಲ ನಿಂತು ಬರೀ ಮಸೂದೆಯ ಮಾತು. ಕೇರಳ ವಿಧಾನಸಭೆ 2025ರಲ್ಲಿ ಅಂಗೀಕರಿಸಿದ ಈ ಮಸೂದೆ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಪ್ರಥಮ ಭಾಷೆ ಮಾಡುತ್ತದೆ ಎಂದು ಕರ್ನಾಟಕ ಆಕ್ಷೇಪ ಎತ್ತಿತ್ತು, ಅಲ್ಲಿನ ಮುಖ್ಯಮಂತ್ರಿಗಳು ಪತ್ರ ಬರೆದಿದ್ದರು. ತಮಿಳು, ಕನ್ನಡ ಮಾತೃಭಾಷೆಯವರು ಸರಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದೆಂಬ ಕಲಮು ಅದರಲ್ಲಿದೆ ಎಂದು ಕೇರಳ ಉತ್ತರ ಕೊಟ್ಟಿತ್ತು.

ಗುಂಪಿನಲ್ಲಿ ಹೆಚ್ಚು ಸಿಟ್ಟು ಮಾಡಿದವರು ಬೆಂಗಳೂರಿನಲ್ಲಿರುವವರು. ಊರಲ್ಲೇ ಉಳಿದವರು ಹೆಚ್ಚು ಮಾತಾಡಲಿಲ್ಲ. ಕೊನೆಗೆ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಮ್ಮ ಕುಂಬಳೆಯವನು ಒಂದು ಪ್ರಶ್ನೆ ಹಾಕಿದ: "ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗೆ ಮೊದಲಿಂದಲೂ ಉಂಟು. ಇಷ್ಟು ವರ್ಷದಲ್ಲಿ ನಿಮ್ಮಲ್ಲಿ ಎಷ್ಟು ಜನ ಕೊಟ್ಟಿದ್ದೀರಿ?" ಸುಮಾರು ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಯಾರೋ ಆ ದಿನದ ಹಳೆ ಅಡಕೆಯ ದರ ಹಾಕಿದರು.

ಮಸೂದೆಯ ಕಲಮುಗಳ ವಿಮರ್ಶೆಯನ್ನು ಕಾನೂನು ಬಲ್ಲವರು ಮಾಡುತ್ತಿದ್ದಾರೆ. ನನಗೆ ಬರೆಯಬೇಕೆನಿಸಿದ್ದು ಆ ಮೌನದ ಬಗ್ಗೆ, ಮತ್ತು ಆ ಗುಂಪಿನ ಬಗ್ಗೆ. ಗಡಿನಾಡಿನಲ್ಲಿ ಕನ್ನಡ ಓದಿದವರು ಎಲ್ಲಿಗೆ ಹೋದರು, ಏನಾದರು ಎಂಬ ಲೆಕ್ಕ ಯಾವ ಸರಕಾರದ ಬಳಿಯೂ ನೇರವಾಗಿ ಸಿಗುವುದಿಲ್ಲ. ಅಂಥ ಹಳೆ ತರಗತಿಗಳ ಗುಂಪುಗಳಲ್ಲಿ ಅದು ಇದೆ. ಸೊಲ್ಲಾಪುರ, ಜತ್ತ, ಹೊಸೂರು, ಆದೋನಿ ಕಡೆಯ ಸದಸ್ಯರ ಫೋನಿನಲ್ಲೂ ಇಂಥದೊಂದು ಗುಂಪು ಇದ್ದೇ ಇರುತ್ತದೆ.

ನಾವು 1991ರಲ್ಲಿ ಪ್ರೀಡಿಗ್ರಿಗೆ ಸೇರಿದವರು, 1996ರಲ್ಲಿ ಬಿ.ಎ. ಮುಗಿಸಿದವರು. ಆಗಿನ ಕೇರಳದಲ್ಲಿ ಪ್ರೀಡಿಗ್ರಿ ಕಾಲೇಜಿನ ಒಳಗೇ ಇತ್ತು, ಹಾಗಾಗಿ ಐದು ವರ್ಷ ಒಟ್ಟಿಗೇ ಕಳೆದದ್ದು. ಹೆಸರಿಗಿಂತ ಊರಿನಿಂದಲೇ ಒಬ್ಬರನ್ನೊಬ್ಬರು ಕರೆಯುವ ಅಭ್ಯಾಸ: ಪೆರ್ಲದವನು, ಬಾಯಾರಿನವಳು, ಮುಳ್ಳೇರಿಯ, ಬದಿಯಡ್ಕ, ಕುಂಬಳೆ. ಈಗ ಎಲ್ಲರಿಗೂ ಐವತ್ತು ಆಯಿತು. ಬದಿಯಡ್ಕದವನು ಊರು ಬಿಟ್ಟು ಮಸ್ಕತ್‌ನಲ್ಲಿ ನೆಲೆಸಿ ಇಪ್ಪತ್ತು ವರ್ಷ ಕಳೆದರೂ ಗುಂಪಿನಲ್ಲಿ ಅವನು ಬದಿಯಡ್ಕವೇ.

ಆಗ ನಮ್ಮ ಕಣ್ಣ ಮುಂದೆ ಇದ್ದ ದಾರಿಗಳು ಕಡಿಮೆ. ಒಂದು ಬ್ಯಾಂಕು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ನಮ್ಮ ಊರುಗಳ ಎಷ್ಟೋ ಮನೆಯ ಒಬ್ಬರಾದರೂ ಇದ್ದರು. ನಮ್ಮ ತರಗತಿಯ ಮೂವರಿಗೂ ಅಲ್ಲಿ ಕೆಲಸ ಸಿಕ್ಕಿತು. ಈಗ ವಿಜಯಾ ಬ್ಯಾಂಕ್ ಬರೋಡಾದಲ್ಲಿ ಸೇರಿಹೋಗಿದೆ (2019), ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ (2020). ವಿಲೀನವಾದ ಮೇಲೆ ನಮ್ಮವರಲ್ಲಿ ಒಬ್ಬ ಗುಜರಾತಿಗೆ ವರ್ಗವಾಗಿ ಹೋದ. ಅವನು ಹಾಕುವ ಫೋಟೊಗಳೇ ಗುಂಪಿನ ಪ್ರವಾಸ ಕಥನ. ಸೋಮನಾಥ, ದ್ವಾರಕೆ, ರಣ್, ಮತ್ತೆ ಪ್ರತಿ ಫೋಟೊದ ಕೆಳಗೆ "ಇಲ್ಲಿ ಕುಚ್ಚಿಲಕ್ಕಿ ಸಿಗುವುದಿಲ್ಲ" ಎಂಬ ದೂರು.

ಎರಡನೆಯದು ಮಾಷ್ಟ್ರ ಕೆಲಸ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಎಲ್.ಪಿ., ಯು.ಪಿ., ಹೈಸ್ಕೂಲ್ ಶಿಕ್ಷಕ ಹುದ್ದೆಗಳಿಗೆ ಕೇರಳ ಪಿ.ಎಸ್.ಸಿ. ಬೇರೆಯೇ ಅರ್ಜಿ ಕರೆಯುತ್ತದೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರಿಗೂ ಹಾಗೆಯೇ ಪ್ರತ್ಯೇಕ ಹುದ್ದೆಗಳಿವೆ. ಬಾಯಾರಿನವಳು ಟೀಚರ್ ಆದದ್ದು, ಕುಂಬಳೆಯವನು ಗುಮಾಸ್ತನಾದದ್ದು ಈ ದಾರಿಯಲ್ಲಿ. ಮೂರನೆಯದು ಗಲ್ಫ್. ಉಳಿದವರು ತೋಟ ನೋಡಿಕೊಂಡರು, ಇಲ್ಲವೇ ಮಂಗಳೂರು, ಬೆಂಗಳೂರಿನ ಬಸ್ಸು ಹತ್ತಿದರು. ಹುಡುಗಿಯರಲ್ಲಿ ಅರ್ಧದಷ್ಟು ಜನ ಪುತ್ತೂರು, ಸುಳ್ಯ, ಬಂಟ್ವಾಳಕ್ಕೆ ಮದುವೆಯಾಗಿ ಹೋದರು. ಗಡಿ ದಾಟಿದ ಮೇಲೆ ಕೇರಳದ ಪಿ.ಎಸ್.ಸಿ. ದಾರಿ ಅವರ ಮಟ್ಟಿಗೆ ಮುಚ್ಚಿದ ಹಾಗೆಯೇ. ಇದನ್ನು ನಾವು ಗಂಡಸರು ಯಾರೂ ಆಗ ಗಮನಿಸಿರಲಿಲ್ಲ. ಈಚೆಗೆ ಸುಳ್ಯದಲ್ಲಿರುವ ಸಹಪಾಠಿಯೊಬ್ಬಳು, ಟಿ.ಟಿ.ಸಿ. ಮಾಡಿಯೂ ಮನೆಯಲ್ಲೇ ಉಳಿದವಳು, ಹೇಳಿದಾಗ ಗೊತ್ತಾಯಿತು.

ಗುಂಪು ಹುಟ್ಟಿದ್ದು ಫೋಟೊ ಹಂಚಿಕೊಳ್ಳಲು. ಅದರ ನಿಜವಾದ ಉಪಯೋಗ ತಿಳಿದದ್ದು 2020ರ ಮಾರ್ಚ್ ಕೊನೆಗೆ, ಕೊರೋನ ಕಾಲದಲ್ಲಿ ಕರ್ನಾಟಕ ತಲಪಾಡಿಯ ರಸ್ತೆ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಊರುಗಳು ನಮ್ಮವು. ಡಯಾಲಿಸಿಸ್‌ನವರು, ಕ್ಯಾನ್ಸರ್ ಮದ್ದಿನವರು ಈಚೆ ಬದಿಯಲ್ಲಿ ಸಿಕ್ಕಿಬಿದ್ದರು. ಮಂಗಳೂರಿನಲ್ಲಿದ್ದ ಸಹಪಾಠಿಗಳು ಮದ್ದು ತೆಗೆದು ಗಡಿಯವರೆಗೆ ತಂದರು, ಈಚೆ ಇದ್ದವರು ಅಲ್ಲಿಂದ ಕೊಂಡುಹೋದರು. ಯಾರ ಅಮ್ಮನಿಗೆ ಯಾವ ಮಾತ್ರೆ ಎಂಬುದು ಆ ಎರಡು ತಿಂಗಳಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಅಲ್ಲಿಂದ ಈಚೆಗೆ ಗುಂಪಿನ ಕೆಲಸ ಬದಲಾಗಿದೆ. ಈಗ ಅಲ್ಲಿ ಓಡಾಡುವುದು ನಮ್ಮ ಮಕ್ಕಳಿಗೆ ಬೇಕಾದ ಮಾಹಿತಿ. ಇದರಲ್ಲಿ ಎಷ್ಟು ಬೆಲೆಬಾಳುವುದಿದೆ ಎಂದು ಹೊರಗಿನವರಿಗೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗ ಎಂಬ ಅರ್ಹತೆ ಉಂಟು. ಕಾಸರಗೋಡು, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಸೇರಿ ಪಟ್ಟಿಯಲ್ಲಿರುವ ತಾಲೂಕುಗಳ ಕನ್ನಡ ಮನೆಮಾತಿನ ಮಕ್ಕಳು ಅದರಡಿ ಎಂಜಿನಿಯರಿಂಗ್ ಮುಂತಾದ ಕೋರ್ಸುಗಳಿಗೆ ಅರ್ಜಿ ಹಾಕಬಹುದು. ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಸಿ.ಇ.ಟಿ. ಜೊತೆಗೆ ನಡೆಯುವ ಕನ್ನಡ ಭಾಷಾ ಪರೀಕ್ಷೆಯಲ್ಲೂ ಪಾಸಾಗಬೇಕು. ಪೆರ್ಲದವನ ಮಗಳಿಗೆ ಬುದ್ಧಿ ಇತ್ತು, ಅಂಕವೂ ಇತ್ತು. ಪ್ರಮಾಣಪತ್ರಕ್ಕೆ ಹೋದ ಕಚೇರಿಯಲ್ಲಿ ಅಂಥದೊಂದು ನಮೂನೆ ಇದೆಯೆಂದೇ ತಿಳಿದಿರಲಿಲ್ಲ. ಅದು ಕೇರಳದ ಕಚೇರಿ, ನಮೂನೆ ಕರ್ನಾಟಕದ್ದು, ತಪ್ಪು ಯಾರದೆಂದೂ ಹೇಳುವ ಹಾಗಿಲ್ಲ. ಮೂರು ಸಲ ಅಲೆದ ಮೇಲೆ ಹಿಂದಿನ ವರ್ಷ ಅದೇ ಪತ್ರ ಪಡೆದಿದ್ದ ಮುಳ್ಳೇರಿಯದವನು ತನ್ನ ಮಗನ ಪ್ರತಿಯನ್ನು ಗುಂಪಿಗೆ ಹಾಕಿದ. ಅದನ್ನು ಫೋನಿನಲ್ಲೇ ತೋರಿಸಿದಾಗ ಕೆಲಸ ಆಯಿತು. ಇನ್ನು ಎರಡು ದಿನ ತಡವಾಗಿದ್ದರೆ ಆ ವರ್ಷದ ಅವಕಾಶ ಹೋಗುತ್ತಿತ್ತು.

ಇನ್ನೊಂದು, ಹತ್ತನೇ ತರಗತಿಯ ಅಂಕಪಟ್ಟಿ. ಐ.ಬಿ.ಪಿ.ಎಸ್. ನಡೆಸುವ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ (ಈಗ ಅದರ ಹೆಸರು ಕಸ್ಟಮರ್ ಸರ್ವೀಸ್ ಅಸೋಸಿಯೇಟ್) ಒಂದು ರಾಜ್ಯವನ್ನು ಆರಿಸಿಕೊಂಡು ಅರ್ಜಿ ಹಾಕಬೇಕು, ಆ ರಾಜ್ಯದ ಭಾಷೆ ಬರಬೇಕು. ಅಂಕಪಟ್ಟಿಯಲ್ಲಿ ಕನ್ನಡ ಇದ್ದ ಗಡಿನಾಡಿನ ಹುಡುಗನಿಗೆ ಕರ್ನಾಟಕದ ಖಾಲಿ ಹುದ್ದೆಗಳ ಬಾಗಿಲು ತೆರೆದೇ ಇದೆ, ಕರ್ನಾಟಕದಲ್ಲಿ ಹುಟ್ಟಿರಬೇಕಿಲ್ಲ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುವ ಅವಕಾಶವೂ ಈಗ ಇದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಯಲ್ಲಿ ಮಾತ್ರ ಒಂದು ತಮಾಷೆ ನೋಡಿ. ಸರ್ಕಲ್‌ನ ಸ್ಥಳೀಯ ಭಾಷೆಯನ್ನು ಹತ್ತನೆಯವರೆಗೆ ಓದಿರಬೇಕು ಎಂಬ ನಿಯಮ. ಕೇರಳ ಸರ್ಕಲ್‌ಗೆ ಅದು ಮಲಯಾಳ. ಹಾಗಾಗಿ ಮಲಯಾಳ ಓದದ ಎಣ್ಮಕಜೆಯ ಹುಡುಗ ತನ್ನ ಮನೆ ಪಕ್ಕದ ಅಂಚೆ ಕಚೇರಿಗೆ ಅರ್ಹನಲ್ಲ, ಹತ್ತಿಪ್ಪತ್ತು ಕಿಲೋಮೀಟರು ಆಚೆಯ ವಿಟ್ಲ, ಪುತ್ತೂರಿನಲ್ಲಿ ಅರ್ಹ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದಾಗ ಕೆಲವು ಹೆತ್ತವರು ಒಳಗೊಳಗೇ ಒಪ್ಪಿದ್ದಕ್ಕೆ ಇಂಥ ಲೆಕ್ಕಾಚಾರವೂ ಒಂದು ಕಾರಣ. ಅವರನ್ನು ಭಾಷಾದ್ರೋಹಿಗಳು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮಗು ಎರಡು ಭಾಷೆ ಕಲಿತರೆ ನಷ್ಟವಿಲ್ಲ. ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತರೆ ನಷ್ಟ.

ಕರ್ನಾಟಕದ ಬಗ್ಗೆಯೂ ಒಂದು ಮಾತು ಹೇಳಬೇಕು. 2024ರ ಜುಲೈಯಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಅಲ್ಲಿನ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ವ್ಯವಸ್ಥಾಪಕ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಚರ್ಚೆಯೆಲ್ಲ ಈ ಅಂಕಿಗಳ ಮೇಲೆ ನಡೆಯಿತು, ಕಂಪೆನಿಗಳು ಬೇರೆ ರಾಜ್ಯಕ್ಕೆ ಹೋಗುತ್ತವೆಯೇ ಎಂಬುದರ ಮೇಲೆ ನಡೆಯಿತು. ನಮ್ಮ ಗುಂಪಿನಲ್ಲಿ ಓದಿದ್ದು ವ್ಯಾಖ್ಯೆಯನ್ನು. ಸ್ಥಳೀಯ ಎಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ವಾಸವಿದ್ದು, ಕನ್ನಡ ಬಲ್ಲವನು. ಒಂದನೇ ತರಗತಿಯಿಂದ ಕನ್ನಡದಲ್ಲೇ ಓದಿ, ಎಂ.ಎ. ಕನ್ನಡ ಮಾಡಿ ಬೆಂಗಳೂರಿಗೆ ಕೆಲಸ ಹುಡುಕಿ ಹೋಗುವ ಕಾಸರಗೋಡಿನ ಅಥವಾ ಜತ್ತದ ಮಗು ಈ ವ್ಯಾಖ್ಯೆಯೊಳಗೆ ಇಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳು ಮಂಗಳೂರಿನ ಆಸ್ಪತ್ರೆಯಲ್ಲೇ ಹುಟ್ಟಿದವರು. ಹುಟ್ಟಿದ ಶರತ್ತು ಪೂರೈಸುತ್ತದೆ, ವಾಸದ ಶರತ್ತಿನಲ್ಲಿ ಬೀಳುತ್ತಾರೆ. ಆ ಮಸೂದೆ ಮತ್ತೆ ಬರಬಹುದು. ಬರುವ ಮೊದಲು ಈ ವ್ಯಾಖ್ಯೆಗೆ ಗಡಿನಾಡು ಕನ್ನಡಿಗರನ್ನು ಸೇರಿಸಬೇಕೆಂದು ನಮ್ಮ ಸಂಘಗಳು ಕೇಳಬೇಕಾದ್ದು. ಸಿ.ಇ.ಟಿ.ಯಲ್ಲಿ ಒಪ್ಪಿದ ತತ್ವವನ್ನು ಕೆಲಸದಲ್ಲಿ ಯಾಕೆ ಒಪ್ಪುವುದಿಲ್ಲ ಎಂದು ಕೇಳಿದರೆ ಸಾಕು. ಪ್ರತಿಭಟನೆಯ ಮೆರವಣಿಗೆಗಿಂತ ಇದು ಸುಲಭ, ಆದರೆ ಇದನ್ನು ಮಾಡಿದ್ದು ನನ್ನ ಗಮನಕ್ಕೆ ಬಂದಿಲ್ಲ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ.

ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಆ ವರ್ಷ ಎಷ್ಟು ಡಿವಿಷನ್, ಎಷ್ಟು ಶಿಕ್ಷಕರು ಎಂದು ನಿರ್ಧಾರವಾಗುತ್ತದೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಫಾಲ್, ಅದರ ಜೊತೆ ಹುದ್ದೆಯೂ ಹೋಗುತ್ತದೆ. ಕನ್ನಡ ಡಿವಿಷನ್ ಹೋದರೆ ಕನ್ನಡ ಮಾಧ್ಯಮದ ಹುದ್ದೆ ಹೋಯಿತು. ಹುದ್ದೆ ಇಲ್ಲದಿದ್ದರೆ ಪಿ.ಎಸ್.ಸಿ.ಗೆ ಖಾಲಿ ಹುದ್ದೆಯ ವರದಿ ಹೋಗುವುದಿಲ್ಲ, ವರದಿ ಇಲ್ಲದಿದ್ದರೆ ಅರ್ಜಿ ಕರೆಯುವುದಿಲ್ಲ. ಕೆಲಸವೇ ಇಲ್ಲದ ಮೇಲೆ ಕಾಲೇಜಿನಲ್ಲಿ ಬಿ.ಎ. ಕನ್ನಡಕ್ಕೆ ಯಾರು ಸೇರುತ್ತಾರೆ? ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ಹಾಕಿದಾಗ ನಾವು ಬೀದಿಗಿಳಿದೆವು, 2018ರಲ್ಲಿ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಚಿತ್ರ ಬಂದಾಗ ಇಡೀ ಕರ್ನಾಟಕಕ್ಕೆ ಅದರ ಕಥೆ ಗೊತ್ತಾಯಿತು. ಅದು ಕಣ್ಣಿಗೆ ಕಾಣುವ ಅನ್ಯಾಯ, ಎದುರು ಒಬ್ಬ ಮನುಷ್ಯ ಇರುತ್ತಾನೆ. ಡಿವಿಷನ್ ಫಾಲ್‌ಗೆ ಎದುರು ಯಾರೂ ಇಲ್ಲ. ಒಂದು ಕಾಗದ ಬರುತ್ತದೆ, ಅಷ್ಟೆ.

ಮತ್ತು ಆ ಕಾಗದ ಬರಲು ಕಾರಣರಲ್ಲಿ ನಾವೂ ಇದ್ದೇವೆ. ನಮ್ಮ ತರಗತಿಯ ಕನ್ನಡ ಶಿಕ್ಷಕರಲ್ಲಿ ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸಿದವರು ಬಾಯಾರಿನವಳು ಒಬ್ಬಳೇ. ನಾನು ಓದಿಸಲಿಲ್ಲ. ನನ್ನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಈಗ ಕನ್ನಡ ಮಾತಾಡುತ್ತಾಳೆ, ಪತ್ರಿಕೆಯ ತಲೆಬರಹ ಓದುತ್ತಾಳೆ, ಅಲ್ಲಿಗೆ ಮುಗಿಯಿತು. ಬ್ಯಾಂಕ್ ಅರ್ಜಿಯಲ್ಲಿ ಕನ್ನಡ ಎಂದು ಬರೆಯಲು ಅವಳ ಅಂಕಪಟ್ಟಿಯಲ್ಲಿ ಕನ್ನಡ ಇಲ್ಲ. ಕನ್ನಡ ಇದ್ದದ್ದರಿಂದ ನನಗೆ ಕೆಲಸ ಸಿಕ್ಕಿತು, ಇಲ್ಲದ್ದರಿಂದ ಅವಳಿಗೆ ಒಂದು ಬಾಗಿಲು ಕಡಿಮೆಯಾಯಿತು ಎಂದು ಅವಳ ಡಿಗ್ರಿ ಮುಗಿಯುವವರೆಗೂ ನನಗೆ ಹೊಳೆದಿರಲಿಲ್ಲ.

ಇದರ ನಡುವೆ ಕಳೆದ ವರ್ಷ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಬಂತು. ಒಂದರಿಂದ ಎಂಟನೇ ತರಗತಿವರೆಗೆ ಕಲಿಸುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸಮಯವಿರುವ ಶಿಕ್ಷಕರು, ಎಷ್ಟೇ ಹಿಂದೆ ನೇಮಕವಾಗಿದ್ದರೂ, ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ಹಾಗೇ ಮುಂದುವರಿಯಬಹುದು, ಬಡ್ತಿ ಮಾತ್ರ ಇಲ್ಲ. ಕೆಲವು ರಾಜ್ಯಗಳು ಮರುಪರಿಶೀಲನೆ ಕೋರಿ ಹೋಗಿವೆ. ಕೇರಳದಲ್ಲಿ ನಿವೃತ್ತಿ 56ಕ್ಕೆ, ನಮ್ಮ ವಯಸ್ಸಿನವರು ಸರಿಯಾಗಿ ಗೆರೆಯ ಆಚೀಚೆ ನಿಂತಿದ್ದಾರೆ. 1975ರಲ್ಲಿ ಹುಟ್ಟಿದವರು ಪರೀಕ್ಷೆ ಬರೆಯಬೇಕಾಗಿದೆ. ಬಾಯಾರಿನವಳು ಈಗ ಬಿ.ಎಡ್. ಓದುತ್ತಿರುವ ಮಗಳ ಜೊತೆ ಕೂತು ಮಕ್ಕಳ ಮನೋವಿಜ್ಞಾನದ ಪ್ರಶ್ನೆಗಳನ್ನು ಬಿಡಿಸುತ್ತಾಳೆ. "ಇಪ್ಪತ್ತು ವರ್ಷ ಮಕ್ಕಳನ್ನು ನೋಡಿದ ಮೇಲೆ ಈಗ ಮಕ್ಕಳ ಬಗ್ಗೆ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಬೇಕಂತೆ" ಎಂದು ಗುಂಪಿಗೆ ಬರೆದಿದ್ದಳು.

ಈ ತೀರ್ಪು ಗಡಿಯ ಎಲ್ಲ ರಾಜ್ಯಗಳಿಗೂ ಒಂದೇ. ಸೊಲ್ಲಾಪುರದ ಕಡೆಯ ನಮ್ಮ ಸದಸ್ಯರೊಬ್ಬರನ್ನು ವಿಚಾರಿಸಿದೆ. ಅಲ್ಲಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ಶಿಕ್ಷಕರಲ್ಲೂ ಇದೇ ಆತಂಕ. ಕೇರಳ, ಮಹಾರಾಷ್ಟ್ರ, ತಮಿಳುನಾಡು ಮೂರರಲ್ಲೂ ಟಿ.ಇ.ಟಿ. ಬರೆಯುವವರು ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಆದರೆ ಕನ್ನಡದಲ್ಲಿ ತಯಾರಿ ಮಾಡಲು ಪುಸ್ತಕ ಎಲ್ಲಿಂದ? ನಾವು ಕರ್ನಾಟಕದ ಟಿ.ಇ.ಟಿ. ಪುಸ್ತಕ ಮಂಗಳೂರಿನಿಂದ ತರಿಸುತ್ತೇವೆ, ಅವರು ವಿಜಯಪುರದಿಂದ. ಎರಡು ಊರಿನಲ್ಲಿ ಒಂದೇ ಪುಸ್ತಕಕ್ಕೆ ಒಂದೇ ಪ್ರಶ್ನೆಗಳ ಉತ್ತರವನ್ನು ಎರಡು ಗುಂಪು ಬೇರೆ ಬೇರೆಯಾಗಿ ತಯಾರಿಸುತ್ತಿವೆ ಎಂದು ಫೋನಿನಲ್ಲಿ ಮಾತಾಡುವಾಗ ಗೊತ್ತಾಗಿ ಇಬ್ಬರೂ ನಕ್ಕೆವು. ಹೊಸೂರಿನ ಕಡೆ ಬೇರೆಯೇ ತೊಡಕು: 2006ರ ತಮಿಳು ಕಲಿಕಾ ಕಾಯಿದೆ ಬಂದ ಮೇಲೆ ಹತ್ತನೇ ತರಗತಿ ಪರೀಕ್ಷೆಯಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳು ವಿನಾಯಿತಿಗಾಗಿ ಕೋರ್ಟು ಹತ್ತುವುದೇ ಕೆಲಸವಾಗಿದೆ, 2023ರಲ್ಲಿ ಸುಪ್ರೀಂ ಕೋರ್ಟ್ ಒಂದು ವರ್ಷದ ವಿನಾಯಿತಿ ಕೊಟ್ಟಿತ್ತು. ಅವರು ಕೋರ್ಟಿನಲ್ಲಿ ಕಲಿತದ್ದು ನಮಗೆ ಮುಂದೆ ಬೇಕಾಗಬಹುದು. ನಮ್ಮ ಬಳಿ ಅದರ ಒಂದು ಕಾಗದವೂ ಇಲ್ಲ.

ಹಳೆ ತರಗತಿಯ ಗುಂಪಿನ ಮಿತಿ ಇದೇ. ಅದು ನಂಬಿಕೆಯ ಮೇಲೆ ನಡೆಯುತ್ತದೆ, ಐದು ವರ್ಷ ಒಟ್ಟಿಗೆ ಬುತ್ತಿ ಬಿಚ್ಚಿದವರ ನಂಬಿಕೆ. ಆದ್ದರಿಂದಲೇ ಮಗನ ಪ್ರಮಾಣಪತ್ರವನ್ನು ಹಿಂದೆ ಮುಂದೆ ನೋಡದೆ ಹಾಕುತ್ತಾರೆ. ಆದರೆ ಅದರೊಳಗೆ ಇರುವವರೆಲ್ಲ ಒಂದೇ ವಯಸ್ಸಿನವರು. ಕಾಲೇಜಿಗೆ ಹೋಗದ ಮನೆಯ ಮಗುವಿಗೆ, ಅಪ್ಪ ಬೀಡಿ ಕಟ್ಟಿ ಅಥವಾ ಕೂಲಿ ಮಾಡಿ ಓದಿಸುವ ಮಗುವಿಗೆ, ಅದರಲ್ಲಿ ಜಾಗ ಇಲ್ಲ. ಕನ್ನಡ ಮಾಧ್ಯಮದಲ್ಲಿ ಈಗ ಉಳಿದಿರುವವರು ಹೆಚ್ಚಾಗಿ ಆ ಮಕ್ಕಳೇ. ಕನ್ನಡದ ಅಂಕಪಟ್ಟಿ ಅವರಲ್ಲಿದೆ, ಅದರಿಂದ ಏನು ಮಾಡಬಹುದೆಂಬ ತಿಳಿವಳಿಕೆ ನಮ್ಮಲ್ಲಿದೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವವನು ಗಡಿನಾಡು ಕಲಮಿನ ಬಗ್ಗೆ ಹೇಳುವುದಿಲ್ಲ, ಅವನಿಗೆ ಗೊತ್ತಿಲ್ಲ.

ಸಂಘದ ಈ ಪುಟದಲ್ಲಿ ರಾಜ್ಯೋತ್ಸವದ ಫೋಟೊ, ಸನ್ಮಾನದ ವರದಿ ಬರುತ್ತವೆ, ಬರಲಿ. ಅದರ ಪಕ್ಕದಲ್ಲಿ ಗಡಿನಾಡು ಪ್ರಮಾಣಪತ್ರದ ನಮೂನೆ, ಕನ್ನಡ ಬಲ್ಲವರಿಗೆ ಕರೆದ ಹುದ್ದೆಗಳ ಕೊನೆಯ ದಿನಾಂಕ, ಕನ್ನಡದಲ್ಲಿ ಅರ್ಜಿ ಬರೆಯುವ ಒಂದು ಮಾದರಿ, ಟಿ.ಇ.ಟಿ.ಯ ಉತ್ತರಗಳು ಇರಲಿ ಎಂದು ಸಂಪಾದಕರನ್ನು ಕೇಳಿದ್ದೇನೆ. ತಮ್ಮ ತರಗತಿಯ ಗುಂಪಿನಲ್ಲಿ ಇಂಥದ್ದನ್ನು ಇಟ್ಟುಕೊಂಡವರು ಕಳಿಸಿಕೊಡಿ, ಮಕ್ಕಳ ಹೆಸರು ಅಳಿಸಿ. ಕುಂಬಳೆಯವನು ಅರ್ಜಿಯ ಮಾದರಿ ಬರೆದುಕೊಡಲು ಒಪ್ಪಿದ್ದಾನೆ. ಮೊದಲ ಅರ್ಜಿ ನಾನೇ ಕೊಡಬೇಕೆಂದು ಅವನ ಶರತ್ತು. ಕಳೆದ ತಿಂಗಳು ಮನೆ ತೆರಿಗೆಯ ಬಗ್ಗೆ ಕನ್ನಡದಲ್ಲಿ ಬರೆದು ಕೊಟ್ಟು ಬಂದೆ. ತೆಗೆದುಕೊಂಡರು, ರಶೀದಿಯೂ ಕೊಟ್ಟರು. ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ ಎಂದು ಗುಂಪಿನಲ್ಲಿ ಎಲ್ಲರೂ ಕಾಯುತ್ತಿದ್ದಾರೆ.

2025ರ ಬೇಸಗೆಯಲ್ಲಿ ಮಧೂರಿನ ಬ್ರಹ್ಮಕಲಶ, ಮೂಡಪ್ಪ ಸೇವೆಗೆಂದು ಗುಜರಾತ್, ಮಸ್ಕತ್, ಬೆಂಗಳೂರಿನಿಂದ ಬಂದಿದ್ದ ಸಹಪಾಠಿಗಳೆಲ್ಲ ಒಂದು ಸಂಜೆ ಸೇರಿದ್ದೆವು. ಮಕ್ಕಳು ತಮ್ಮತಮ್ಮಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು, ನಾವು ಹೊಳೆ ದಾಟಿ ಕಾಲೇಜಿಗೆ ಬಂದ ಕತೆಗಳನ್ನು ಹೇಳುತ್ತಿದ್ದೆವು. ಆ ದಿನ ಬಾಯಾರಿನವಳು ತನ್ನ ಶಾಲೆಯ ಒಂದನೇ ತರಗತಿಗೆ ಇನ್ನೂ ನಾಲ್ಕು ಮಕ್ಕಳು ಬೇಕು, ಯಾರಾದರೂ ಇದ್ದರೆ ಹೇಳಿ ಎಂದಿದ್ದಳು. ಆ ವರ್ಷ ಹೇಗೋ ಸಿಕ್ಕಿದರು. ಈ ವರ್ಷವೂ ಅದೇ ಸಂದೇಶ ಹಾಕಿದ್ದಾಳೆ, ಈ ಸಲ ಆರು ಬೇಕು. ಎಲ್ಲರೂ ಓದಿದ್ದಾರೆ. ಮುಳ್ಳೇರಿಯದವನು ಒಂದು ಮಗುವಿನ ಮನೆಯ ವಿಳಾಸ ಕೊಟ್ಟಿದ್ದಾನೆ, ಅವಳು ನಾಳೆ ಬೆಳಿಗ್ಗೆ ಆ ಮನೆಗೆ ಹೋಗುತ್ತಾಳೆ.